ನನ್ನ ಬದಲು ನಡೆದ ಮಗ್ಗ

ಒಳ್ಳೆಯ ಅಭ್ಯಾಸದ ಬಗ್ಗೆ ತಂಗಿಗೆ ಬುದ್ಧಿ ಹೇಳುವ ಯೋಗ್ಯತೆ ನನಗಿದೆ ಎಂದು ನಾನು ದೃಢವಾಗಿ ನಂಬಿದ್ದೆ. ಓದಿದ್ದು ಏಳನೇ ಕ್ಲಾಸು, ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯುವುದು ಕಸುಬು. ಆದರೆ ಅಣ್ಣ ಎಂಬ ಪದವಿಗೆ ಪರೀಕ್ಷೆ ಬರೆಯಬೇಕಾಗಿಲ್ಲವಲ್ಲ!

ತಂಗಿ ರತ್ನಳನ್ನು ಯಳಂದೂರಿಗೆ ಕೊಟ್ಟಿದ್ದೇವೆ. ಅವಳಿಗೆ ಶುಗರ್ ಕಾಣಿಸಿಕೊಂಡಿತು. "ದಿನಾ ನಡೀಬೇಕು. ಮೂರು ತಿಂಗಳಲ್ಲಿ ಇಳಿಯದಿದ್ದರೆ ಇಂಜೆಕ್ಷನ್ನು" ಎಂದರು ಡಾಕ್ಟರು. ರತ್ನಳಿಗೆ ಸೂಜಿ ಎಂದರೆ ಅರ್ಧ ಜೀವ ಹೋಗುತ್ತದೆ. ನಾನು ಫೋನಿನಲ್ಲೇ ಭಾಷಣ ಬಿಗಿದೆ.

"ಅಭ್ಯಾಸ ಬದ್ಲಾದ್ರೆ ಮನ್ಸನೇ ಬದ್ಲಾಯ್ತನೆ ಕಣಮ್ಮಿ. ಬೆಳಗ್ಗೆದ್ದು ನಡಿ!"

"ನೀನು ನಡ್ದೀಯಾ?"

"ನಡೀದೆ ಏನು!"

"ಅಂಗಾರೆ ದಿನಾ ಸಂಜೆ ಎಜ್ಜೆ ಲೆಕ್ಕ ಕಳ್ಸು, ನಾನೂ ಕಳ್ಸ್ತೀನಿ. ನೀನು ನಿಲ್ಸಿದ್ ದಿನ ನಾನೂ ನಿಲ್ಸ್ತೀನಿ."

ಹೆಜ್ಜೆ ಎಣಿಸುವ ಆ್ಯಪು ಇಬ್ಬರ ಫೋನಿಗೂ ಬಂತು. ನಾನು ಮೂರು ದಿನ ನಡೆದೆ. ನಾಲ್ಕನೇ ದಿನ ಮಲಗಿದೆ.

ಸಂಜೆ ತಪ್ಪೊಪ್ಪಿಕೊಳ್ಳಲು ಫೋನು ತೆಗೆದರೆ, ಆರು ಸಾವಿರ ಹೆಜ್ಜೆ! ನೇಯುವಾಗ ಅಂಗಿ ಕಳಚಿ ಮಗ್ಗಕ್ಕೆ ನೇತುಹಾಕುವುದು ನನ್ನ ರೂಢಿ. ನಾನು ಒಂದೊಂದು ಎಳೆ ಬಡಿದಾಗಲೂ ಮಗ್ಗ ಅಲುಗಿ, ಅಂಗಿ ಅಲುಗಿ, ಜೇಬಿನೊಳಗಿದ್ದ ಫೋನು ಅದನ್ನೆಲ್ಲ ಹೆಜ್ಜೆ ಎಂದು ಶ್ರದ್ಧೆಯಿಂದ ದಾಖಲಿಸಿಕೊಂಡಿತ್ತು. ಮರುದಿನ ಅಂಗಿಯನ್ನೂ ನಂಬದೆ ಫೋನನ್ನೇ ಮಗ್ಗಕ್ಕೆ ದಾರದಲ್ಲಿ ಕಟ್ಟಿದೆ.

"ಇದು ಮೋಸ ಅಲ್ವೇನ್ರಿ?" ಎಂದಳು ಹೆಂಡತಿ.

"ಮಗ್ಗ ನಂದು ಕಣೆ. ಅದು ನಡುದ್ರೆ ನಾನೇ ನಡ್ದಂಗೆ."

"ಅಂಗಾರೆ ಮಗ್ಗುಕ್ಕೇ ಊಟ ಇಕ್ತೀನಿ, ನೀವು ಸುಮ್ಕಿರಿ."

ಅಷ್ಟರಲ್ಲಿ ಮದುವೆ ಕಾಲ ಬಂತು. ಸೀರೆ ಹೆಚ್ಚಿದಂತೆ ನನ್ನ ಹೆಜ್ಜೆಯೂ ಹೆಚ್ಚಿತು. ಹತ್ತು ಸಾವಿರ, ಹದಿನೈದು ಸಾವಿರ, ಇಪ್ಪತ್ತೊಂದು ಸಾವಿರ! ರತ್ನ ತಾನೂ ಬಿಡದೆ ನಡೆದಳು. ಒಂದು ಸಂಜೆ ಲೆಕ್ಕದ ಜೊತೆ ಅವಳ ಪಾದದ ಫೋಟೊ ಬಂತು. ಹಿಮ್ಮಡಿಯಲ್ಲಿ ಬೊಬ್ಬೆ. "ಆದ್ರೂ ಬುಡಕ್ಕಿಲ್ಲ ಅಣ್ಣ" ಎಂದು ಬರೆದಿದ್ದಳು.

ಅವತ್ತು ಮಗ್ಗದಿಂದ ಫೋನು ಬಿಚ್ಚಿದೆ, ಮತ್ತೆ ಕಟ್ಟಿದೆ. ನಿಜ ಹೇಳಿದರೆ ಅವಳು ನಡೆಯುವುದನ್ನು ನಿಲ್ಲಿಸುತ್ತಾಳೆ, ಆಮೇಲೆ ಸೂಜಿ. ಕಡಿಮೆ ಲೆಕ್ಕ ಕಳಿಸೋಣವೆಂದರೆ ಮಾನ ಬಿಡದು. ಮಗ್ಗ ನಡೆಯುತ್ತಲೇ ಇತ್ತು.

ಮೂರು ತಿಂಗಳು ತುಂಬಿದ ಮೇಲೆ ಒಂದು ಭಾನುವಾರ ಬೆಳಗಿನ ಜಾವ ರತ್ನಳ ಫೋನು. "ನಿನ್ ಎಜ್ಜೆ ಲೆಕ್ಕ ಕೇಳಿ ನಮ್ ಸಂಗದ ನಾಕು ಎಂಗಸ್ರು ನಿನ್ನ ನೋಡ್ಬೇಕಂತೆ. ನಡ್ಕಂಡೇ ಬತ್ತಾ ಇದೀವಿ. ನೀನೂ ನಡ್ಕಂಡು ಕುಂತೂರು ತಾವ ಸಿಗು, ಒಟ್ಗೆ ನಿಮ್ಮನೆಗೆ ಓಗವ."

ನಾನು ಬಸ್ಸು ಹತ್ತಿದೆ. ಕುಂತೂರಿಗೆ ಸ್ವಲ್ಪ ಮುಂಚೆ ಇಳಿದು, ಬಾಟಲಿ ನೀರನ್ನು ತಲೆಗೂ ಬೆನ್ನಿಗೂ ಸುರಿದುಕೊಂಡು, ಏದುಸಿರು ಬಿಡುತ್ತಾ ಪ್ರತ್ಯಕ್ಷನಾದೆ.

"ಅಯ್ಯೋ, ಬೆವ್ರು ನೋಡ್ರವ್ವಾ!" ಎಂದರು ಹೆಂಗಸರು. ಅವರಲ್ಲಿ ಎಪ್ಪತ್ತು ದಾಟಿದ ಪುಟ್ಟಮ್ಮಜ್ಜಿ ಮಾತ್ರ ನನ್ನ ಬೆನ್ನು ಮುಟ್ಟಿ, "ಇದೇನ್ ಮಗಾ, ನಿನ್ ಬೆವ್ರು ತಣ್ಣಗದೆ?" ಎಂದರು.

ಕೊಳ್ಳೇಗಾಲದ ಕಡೆ ಹೊರಟೆವು. ಮೊದಲ ಕಿಲೋಮೀಟರು ನಾನು ಎಲ್ಲರಿಗಿಂತ ಮುಂದಿದ್ದೆ. ಎರಡನೆಯದರಲ್ಲಿ ನಡುವೆ ಇದ್ದೆ. ಮೂರನೆಯದರಲ್ಲಿ ಮೈಲಿಗಲ್ಲಿನ ಮೇಲೆ ಕೂತಿದ್ದೆ! ಪುಟ್ಟಮ್ಮಜ್ಜಿ ಚಪ್ಪಲಿ ಕೈಯಲ್ಲಿ ಹಿಡಿದು ಬೀಸುತ್ತಾ ನನ್ನನ್ನು ದಾಟಿ ಹೋದರು.

ಆಗಲೇ ಫ್ಯಾಕ್ಟರಿಗೆ ಕಬ್ಬು ಇಳಿಸಿ ಬಂದ ಖಾಲಿ ಟ್ರಾಕ್ಟರೊಂದು ಪಕ್ಕದಲ್ಲೇ ನಿಂತಿತು. ಓಡಿಸುತ್ತಿದ್ದವನು ನಮ್ಮ ಬೀದಿಯವನೇ.

"ಏನ್ಸಾ, ಬೆಳಗ್ಗೆ ಬಸ್ ಅತ್ತುದ್ರಿ, ಈಗ ಕಲ್ ಅತ್ತಿದ್ದೀರಲ್ಲ! ಬನ್ನಿ, ಟ್ರಾಕ್ಟ್ರೂ ಅತ್ತಿ!"

ಐದೂ ಜನ ತಿರುಗಿ ನಿಂತರು. ಇನ್ನು ಉಳಿಸಿಕೊಳ್ಳಲು ಏನೂ ಇರಲಿಲ್ಲ. ಮಗ್ಗ, ದಾರ, ಬಾಟಲಿ ನೀರು, ಎಲ್ಲವನ್ನೂ ಆ ಕಲ್ಲಿನ ಮೇಲೆ ಕೂತೇ ಒಪ್ಪಿಸಿದೆ.

"ತಪ್ಪಾಯ್ತು ಕಣಮ್ಮಿ. ನಾನು ನಿಲ್ಸಿದ್ರೆ ನೀನೂ ನಿಲ್ಸ್ತೀಯ ಅಂತ ಎದ್ರುಕಂಡೆ. ನೀನು ಮಾತ್ರ ನಿಲ್ಸ್‌ಬ್ಯಾಡ."

ರತ್ನ ನನ್ನನ್ನೇ ನೋಡಿದಳು. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಓದ್ ವಾರ ಡಾಕ್ಟ್ರು ಇಂಜೆಕ್ಷನ್ ಬ್ಯಾಡ ಅಂದ್ರು ಕಣಣ್ಣ. ಅದ್ನ ಯೋಳಕ್ಕೇ ನಡ್ಕಂಡ್ ಬಂದೆ. ನೀನು ನಿಲ್ಸಿದ್ರೆ ನಾನ್ಯಾಕ್ ನಿಲ್ಸ್ಲಿ? ಒಂದಿನ ನಡೀದಿದ್ರೆ ಈಗ ನಂಗೇ ಸೇರಕ್ಕಿಲ್ಲ."

ನನ್ನ ಎದೆಯ ಮೇಲಿದ್ದ ಕಲ್ಲು ಇಳಿಯಿತು. ನಾನೂ ಕಲ್ಲಿನಿಂದ ಇಳಿದೆ. ಹೆಂಗಸರೆಲ್ಲ ಸೇರಿ ನನ್ನನ್ನು ಟ್ರಾಕ್ಟರಿಗೆ ಏರಿಸಿ, ತಾವು ನಗುತ್ತಾ ನಡೆದು ಬಂದರು.

ಮಾರನೆಯ ದಿನ ಫೋನು ಜೇಬಿನಲ್ಲಿಟ್ಟುಕೊಂಡು ನನ್ನ ಸ್ವಂತ ಕಾಲಲ್ಲಿ ನಡೆದೆ. ಸಂಜೆ ತಲೆ ಎತ್ತಿಕೊಂಡು ಅಪ್ಪಟ ಸತ್ಯದ ಲೆಕ್ಕ ಕಳಿಸಿದೆ: ಒಂಬೈನೂರ ಹನ್ನೆರಡು.

ತಕ್ಷಣ ರತ್ನಳ ಫೋನು ಬಂತು. "ಅಣ್ಣ, ಉಸಾರಿಲ್ವಾ? ನಿನ್ನ ನೋಡ್ಕಂಡ್ ಬರಕ್ಕೆ ಪುಟ್ಟಮ್ಮಜ್ಜಿ ನಡ್ಕಂಡ್ ಒಂಟವ್ರೆ!"