ಕಪ್ಪೆಯ ಕಥೆಗೆ ಹೂಂಗುಟ್ಟಿದ್ದು

ಸುದ್ದಿ ಮೊದಲು ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ. ನಮ್ಮ ಭಾಗೂ ಹೊಸ ಕಪ್ಪೆ ಕಂಡುಹಿಡಿದಿದ್ದಾಳೆ! ಅಷ್ಟೇ ಅಲ್ಲ, ನಿನ್ನೆ ಖಾನಾಪುರದಲ್ಲಿ ತುಂಬಿದ ಸಭೆಯ ಮುಂದೆ ನಿಂತು, ಅದು ಹೇಗೆ ಹೊಸದು ಎಂದು ಬಿಡಿಸಿ ಹೇಳಿದಳು. ಜನಕ್ಕೆ ತಿಳಿಯಿತು ಕೂಡ. ಭಾಗೂ ಎಂದರೆ ಭಾಗ್ಯಶ್ರೀ, ನನ್ನ ಮಗನ ಮಗಳು. ಈ ವಯಸ್ಸಿನಲ್ಲಿ ಸಂತೋಷವೆಂಬುದು ಆಗತಾನೆ ಹೆಂಚಿನಿಂದ ತೆಗೆದ ರೊಟ್ಟಿಯ ಹಾಗೆ. ಕೈಯಲ್ಲಿ ಹಿಡಿಯಲಿಕ್ಕೂ ಆಗುವುದಿಲ್ಲ, ಕೆಳಗಿಡಲಿಕ್ಕೂ ಮನಸ್ಸು ಬರುವುದಿಲ್ಲ. ಬೆಳಿಗ್ಗೆಯಿಂದ ಹಾಲಿನವನಿಗೆ, ಎದುರು ಮನೆಯವರಿಗೆ, ಕೊನೆಗೆ ಗ್ಯಾಸಿನ ಸಿಲಿಂಡರ್ ತಂದವನಿಗೂ ಹೇಳಿದೆ. ಅವನು ಪಾಪ, ಸಿಲಿಂಡರ್ ಇಳಿಸಿ ಬೆವರು ಒರೆಸಿಕೊಳ್ಳುತ್ತ, "ಹಾವ ಹಿಡಿಯೂ ಮನಶ್ಯಾನ ನಂಬರ್ ಐತ್ರಿ ನನ್ನ ಕಡೆ. ಕಪ್ಪಿಗೂ ಬರ್ತಾನೇನು ಕೇಳ್ಲ್ಯಾ?" ಎಂದ.

ಅವನನ್ನು ಬೈದು ಪ್ರಯೋಜನವಿಲ್ಲ. ಮೊದಲ ಸಲ ಕೇಳಿದಾಗ ನಾನೂ ಅವನ ಹಾಗೇ ನಿಂತಿದ್ದೆ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಭಾಗೂ ಮಳೆಗಾಲ ಬಂತೆಂದರೆ ತಲೆಗೆ ಬ್ಯಾಟರಿ ಕಟ್ಟಿಕೊಂಡು, ಕಾಲಿಗೆ ಉದ್ದನೆಯ ಬೂಟು ಹಾಕಿಕೊಂಡು ಖಾನಾಪುರದ ಆಚೆಯ ಅಡವಿಯಲ್ಲಿ ಹಳ್ಳ ಹಿಡಿದು ಅಲೆಯುವವಳು. ಹೀಗೆ ಅಲೆದು ಅವಳೂ ಅವಳ ಜೊತೆಗಾರರೂ ಹೆಬ್ಬೆರಳ ಉಗುರಿನಷ್ಟು ದೊಡ್ಡ ಕಪ್ಪೆ ಹುಡುಕಿದ್ದರು. ಅದು ಕೂಗಿದರೆ ಹಳೆಯ ಗಡಿಯಾರಕ್ಕೆ ಕೀಲಿ ಕೊಟ್ಟ ಹಾಗೆ ಟಿರ್ರ್ ಎನ್ನುತ್ತದೆ. ಸುದ್ದಿ ಕೇಳಿ ದೇಸೂರಿನಿಂದ ಗಂಗವ್ವನ ಫೋನು ಬಂತು. ಗಂಗವ್ವ ನನ್ನ ಸೊಸೆಯ ತಾಯಿ, ಅಂದರೆ ನನ್ನ ಬೀಗತಿ. ಭಾಗೂಗೆ ಅವಳೂ ಅಜ್ಜಿಯೇ. ಆದರೆ ನಾವಿಬ್ಬರೂ ಅಜ್ಜಿಯರು ಒಂದೇ ಮೊಮ್ಮಗಳನ್ನು ಹಂಚಿಕೊಂಡಿರುವುದರಿಂದ ಸ್ವಲ್ಪ ಹುಷಾರಾಗಿ ಮಾತಾಡಬೇಕಾಗುತ್ತದೆ.

"ಅಲ್ರೀ ಬೀಗತಿ," ಎಂದಳು, "ನಮ್ಮ ಬಚ್ಚಲದಾಗ ದಿನಾ ಕುಂತಿರ್ತಾವಲ್ಲ, ಅವನ್ಯಾರ ಕಂಡಹಿಡದ್ರು? ಇಷ್ಟ ಓದಿ, ಹುಡುಕೂದ ಹುಡುಕಿದ್ಲು, ಒಂದ ಹುಲಿನರ ಹುಡುಕಬಾರದಿತ್ತ?"

ನನಗೆ ಉತ್ತರ ಹೊಳೆಯಲಿಲ್ಲ. ಹೊಳೆಯದ್ದಕ್ಕೆ ಸಿಟ್ಟು ಬಂತು. ಸಿಟ್ಟು ಬಂದದ್ದಕ್ಕೆ "ನಿಮ್ಮ ಬಚ್ಚಲ ಮೊದಲ ತೊಳಸ್ರಿ" ಎಂದು ಫೋನಿಟ್ಟೆ.

ನಮ್ಮದು ಹೋಗಲಿ, ಭಾಗೂಗೂ ಇದೇ ತೊಂದರೆ. ಬೆಳಗಾವಿಯಲ್ಲಿ ಒಮ್ಮೆ ಸಾಮಾನ್ಯ ಜನರಿಗೆಂದು ಅವಳ ಮಾತು ಇಟ್ಟಿದ್ದರು. ಪರದೆಯ ಮೇಲೆ ಗೀಟು, ಅಂಕಿ, ಬಣ್ಣದ ಗೆರೆ. ಮುಂದಿನ ಸಾಲಿನ ಯಜಮಾನರೊಬ್ಬರು ಗೊರಕೆ ಹೊಡೆದರಂತೆ. ಜನ ಚಪ್ಪಾಳೆ ತಟ್ಟಿದ್ದು ಚಹಾದ ಗಾಡಿ ಒಳಗೆ ಬಂದಾಗಂತೆ. ಮನೆಗೆ ಬಂದವಳು ಊಟ ಮಾಡದೆ ಗೋಡೆಗೆ ಮುಖ ಮಾಡಿ ಕುಳಿತಳು. "ಖಾನಾಪುರದಾಗ ಇನ್ನೊಂದ ಸಲ ಹೇಳೂದೈತಿ ಆಯಿ. ಆ ಹಳ್ಳದ ಬಾಜು ಇರೋ ಮಂದೀನ ಬರ್ತಾರ. ಕಲ್ಲು ತಗೀಬ್ಯಾಡ್ರಿ, ಬೆಳಿಗೆ ಹೊಡಿಯೂ ಔಷಧದ ಡಬ್ಬಿ ಹಳ್ಳದಾಗ ತೊಳೀಬ್ಯಾಡ್ರಿ ಅಂತ ಅವರಿಗೆ ತಿಳೀದಿದ್ರ ಕಪ್ಪಿ ಉಳಿಯೂದ ಹ್ಯಾಂಗ? ಅಲ್ಲೂ ಹಿಂಗಾತಂದ್ರ ನಾ ಇನ್ನ ಮಂದಿ ಮುಂದ ಮಾತಾಡಂಗಿಲ್ಲ. ನನ್ನಂಥವರಿಗಷ್ಟ ಬರಕೊಂಡ ಇರತೀನಿ" ಎಂದಳು. ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುವುದು. ಆ ಶಬ್ದ ಅಳುವ ದನಿಯಲ್ಲಿ ಬಂದರೆ ನನಗೆ ಕುಳಿತಲ್ಲಿ ಕುಳಿತುಕೊಳ್ಳಲಿಕ್ಕೆ ಆಗುವುದಿಲ್ಲ.

"ನನ್ನ ಮುಂದ ಹೇಳು. ನನಗ ತಿಳೀತಂದ್ರ ಎಲ್ಲಾರಿಗೂ ತಿಳೀತೈತಿ" ಎಂದೆ. ಅವಳು ಶುರು ಮಾಡಿದಳು, ನಾನು ಹೂಂಗುಟ್ಟಲು ಶುರು ಮಾಡಿದೆ. ನಾನು ಹುಟ್ಟಿ ಬೆಳೆದ ಮನೆಯಲ್ಲಿ ಯಾರಾದರೂ ಕಥೆ ಹೇಳಿದರೆ ಒಬ್ಬರು ಹೂಂ ಎನ್ನಲೇಬೇಕು. ಹೂಂ ನಿಂತರೆ ಕಥೆ ನಿಂತಿತು. ಆ ಕೆಲಸಕ್ಕೆ ಯಾವಾಗಲೂ ನನ್ನನ್ನೇ ಕೂರಿಸುತ್ತಿದ್ದರು, ಏಕೆಂದರೆ ನಿದ್ದೆಯಲ್ಲೂ ನನ್ನ ಹೂಂ ತಪ್ಪುತ್ತಿರಲಿಲ್ಲ. ಈ ಗುಣವೇ ಇಲ್ಲಿ ಮುಳುವಾಯಿತು. ಭಾಗೂ ಡಿಎನ್‌ಎ ಎಂದಳು, ಹೂಂ. ಉಭಯಚರ ಎಂದಳು, ಹೂಂ. ಧ್ವನಿಯ ಕಂಪನಾಂಕ ಎಂದಳು, ಅದಕ್ಕಂತೂ ಎರಡು ಹೂಂ. ಎಲ್ಲ ಮುಗಿಸಿ, ಮುಖ ಅರಳಿಸಿಕೊಂಡು, "ಹಂಗಾರ ಏನ ತಿಳೀತು ಹೇಳ ನೋಡೂಣು?" ಎಂದಳು.

"ನೀ ಭಾಳ ಶ್ಯಾಣ್ಯಾಕಿ ಅಂತ ತಿಳೀತು" ಎಂದೆ.

ತಲೆಗೆ ಕೈ ಹಚ್ಚಿಕೊಂಡಳು. ಆಮೇಲೆ ಒಂದು ಕರಾರು ಹಾಕಿದಳು. "ಆಯಿ, ತಿಳದ್ರ ಅಷ್ಟ ಹೂಂ ಅನ್ನು. ತಿಳೀಲಿಲ್ಲಂದ್ರ ಸುಮ್ಮನಿರು. ಖಾನಾಪುರದಾಗ ಮುಂದಿನ ಸಾಲಿನ್ಯಾಗ ಕುಂದರಸ್ತೀನಿ. ನಿನ್ನ ಹೂಂ ನಿಂತಲ್ಲಿ ನಾನೂ ನಿಂತ ಇನ್ನೊಂದ ಸಲ ಹೇಳ್ತೀನಿ." ಸುಮ್ಮನಿರುವುದು ಎಷ್ಟು ಕಷ್ಟ ಎಂದು ನನಗೆ ಆಗ ಗೊತ್ತಾಯಿತು. ಅಡುಗೆಮನೆಯಲ್ಲಿ, ಹಿತ್ತಲಿನಲ್ಲಿ, ಬಟ್ಟೆ ಮಡಿಸುವಾಗ ಅವಳು ಹೇಳುತ್ತಲೇ ಇದ್ದಳು, ನಾನು ಬಾಯಿಗೆ ಸೆರಗು ಒತ್ತಿಕೊಂಡು ಕಲಿತೆ. ಹೆಣ್ಣುಕಪ್ಪೆ ತನ್ನವನ ದನಿ ಗುರುತು ಹಿಡಿದು ಅತ್ತ ಹೋಗುತ್ತದೆ ಎಂದಾಗ ಮಾತ್ರ ಕೇಳುವ ಮೊದಲೇ ಹೂಂ ಬಂತು. ನಮ್ಮ ಯಜಮಾನರು ಓಣಿಯ ತುದಿಯಲ್ಲಿ ಕೆಮ್ಮಿದರೆ ನಾನು ಚಹಾದ ನೀರು ಇಡುತ್ತಿದ್ದೆ. ಇದಕ್ಕೆ ಯಾವ ಸಂಶೋಧನೆ ಬೇಕು?

ನಿನ್ನೆ ಬೆಳಗಾವಿಯಲ್ಲಿ ರೈಲು ಹತ್ತಿದಾಗಿನಿಂದ ನನಗೆ ಸಮಾಧಾನವಿಲ್ಲ. ಸೀರೆಯ ನಿರಿಗೆ ಸರಿಮಾಡಿದೆ, ಕೆಡಿಸಿದೆ, ಮತ್ತೆ ಸರಿಮಾಡಿದೆ. ಭಾಗೂಗೆ ನೀರು ಕುಡಿ ಎಂದೆ. ಕುಡಿದಳು. ಇಷ್ಟು ಕುಡಿದರೆ ನಡುವೆ ಏಳಬೇಕಾದೀತು ಎಂದು ಬಾಟಲಿ ಕಸಿದುಕೊಂಡೆ. ಮಗ ಬಸವರಾಜ, "ಯವ್ವಾ, ಭಾಷಣ ಆಕಿದೋ ನಿಂದೋ?" ಎಂದ. ಗಂಗವ್ವ ದೇಸೂರಿನಲ್ಲಿ ನಮ್ಮ ಬೋಗಿ ಹತ್ತುವುದೆಂದು ಮಾತಾಗಿತ್ತು. ರೈಲು ನಿಂತಿತು, ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೋಡಿದೆ, ಬೀಗತಿ ಇಲ್ಲ. ಸೊಸೆ ಫೋನು ಮಾಡಿದರೆ ಎತ್ತುತ್ತಿಲ್ಲ. "ಕಪ್ಪಿ ಸಲುವಾಗಿ ಯಾಕ ಬರ್ತಾರ ಬಿಡು" ಎಂದು ಬಾಯಲ್ಲಿ ಅಂದೆ. ಆದರೂ ರೈಲು ಹೊರಡುವವರೆಗೆ ಕಿಟಕಿ ಬಿಡಲಿಲ್ಲ. ಅವಳು ಕೇಳದಿದ್ದರೆ ಇಷ್ಟು ಕಲಿತದ್ದಕ್ಕೆ ಬೆಲೆ ಏನು?

ಖಾನಾಪುರದ ಸಭೆಯಲ್ಲಿ ಜನ ಗೋಡೆಗೆ ಆನಿಕೊಂಡೂ ನಿಂತಿದ್ದರು. ಮಾಸ್ತರರು, ಕಾಲೇಜಿನ ಹುಡುಗಿಯರು, ಅಡವಿಯ ಅಂಚಿನ ಊರುಗಳಿಂದ ಬಂದ ರೈತರು. ಮುಂದಿನ ಸಾಲಿನಲ್ಲಿ ನಾನು. ಭಾಗೂ ಮೈಕಿನ ಮುಂದೆ ನಿಂತಳು. ಪರದೆ ತೋರಿಸುವ ಕಡ್ಡಿ ಕೈಗೆ ತೆಗೆದುಕೊಂಡಳು. ಮಳೆ, ಹಳ್ಳ, ಕಲ್ಲಿನ ಸಂದಿ ಎಂದಳು; ಹೂಂ ಎಂದೆ. ಉಗುರಿನಷ್ಟು ಕಪ್ಪೆ ಎಂದಳು, ಹೂಂ. ಪಕ್ಕದ ರುಮಾಲಿನ ಹಿರಿಯರು ನನ್ನನ್ನು ಒಮ್ಮೆ ನೋಡಿ, ತಾವೂ ಹೂಂ ಎಂದರು. ಆಮೇಲೆ ಬಂತು ಕಷ್ಟದ ಜಾಗ. ನೋಡಲು ಎರಡು ಕಪ್ಪೆಗಳು ಒಂದೇ ಥರ ಇದ್ದರೂ ಜಾತಿ ಬೇರೆ ಹೇಗೆ ಎನ್ನುವುದು. ಪರದೆಯ ಮೇಲೆ ಅದೇ ಹಾಳು ಗೆರೆಗಳು ಬಂದವು. ಭಾಗೂ ಒಂದು ವಾಕ್ಯ ಹೇಳಿ ಹೂಂಗೆ ಕಾದಳು. ಹೂಂ ಬರಲಿಲ್ಲ. ಇನ್ನೊಂದು ವಾಕ್ಯ. ಹೂಂ ಇಲ್ಲ. ರುಮಾಲಿನವರೂ ಸುಮ್ಮನಾದರು.

ಭಾಗೂ ಪರದೆ ಆರಿಸಿಬಿಟ್ಟಳು. ಕಡ್ಡಿ ಮೇಜಿನ ಮೇಲಿಟ್ಟಳು.

"ಇಲ್ಲಿ ಭತ್ತದ ಗದ್ಯಾಗ ಕಳೆ ಕಿತ್ತವ್ರ ಯಾರ್ಯಾರ ಅದೀರಿ?" ಎಂದಳು. ಸಭೆಯ ತುಂಬ ಕೈ ಎದ್ದವು. "ಭತ್ತದಂಗ ಕಾಣೂ ಹುಲ್ಲ ನಡುವ ಬೆಳದಿರತೈತಿ. ಸಣ್ಣದಿದ್ದಾಗ ಯಾವ್ದು ಭತ್ತ, ಯಾವ್ದು ಹುಲ್ಲ, ಕಣ್ಣಿಗೆ ಗೊತ್ತಾಗಂಗಿಲ್ಲ. ಯಾವಾಗ ಗೊತ್ತಾಗತೈತ್ರಿ?"

"ತೆನಿ ಬಂದಾಗ!" ಎಂದಿತು ಸಭೆ.

"ಕಪ್ಪಿಗೆ ಅದರ ದನೀನ ತೆನಿ. ಎರಡೂ ಕಪ್ಪಿ ಒಂದ ಥರಾ ಕುಂತಿರ್ತಾವ, ಬಾಯಿ ತಗದಾಗ ಇದ ಬ್ಯಾರೆ ಅಂತ ಗೊತ್ತಾತು. ಬೀಜಾನೂ ಬ್ಯಾರೆ ಐತೇನು ಅಂತ ನೋಡಬೇಕಲ್ಲ? ಅದನ್ನ ಪ್ರಯೋಗಶಾಲೆಯೊಳಗ ನೋಡಿದ್ವಿ. ಬೀಜಾನೂ ಬ್ಯಾರೇನ ಐತಿ."

"ಹೂಂ!" ಎಂದು ಕಟ್ಟಕಡೆಯ ಸಾಲಿನಿಂದ ಒಂದು ಗಟ್ಟಿ ದನಿ ಬಂತು. ಯಾವ ಕಪ್ಪೆಯ ದನಿ ಗೊತ್ತಾಗದಿದ್ದರೂ ಅದು ನನಗೆ ಗೊತ್ತಾಗುತ್ತದೆ: ಗಂಗವ್ವ! ರೈಲು ತಪ್ಪಿಸಿಕೊಂಡು ಬಸ್ಸಿನಲ್ಲಿ ಬಂದಿದ್ದಳು. ಅವಳ ಬೆನ್ನಿಗೆ ಇಡೀ ಸಭೆ ಹೂಂ ಎಂದಿತು. ಒಬ್ಬರು ಪಕ್ಕದವರಿಗೆ ಮರಾಠಿಯಲ್ಲಿ ತಿರುಗಿಸಿ ಹೇಳಿದರು, ಅವರೂ ತಡವಾಗಿ ಒಂದು ಹೂಂ ಸೇರಿಸಿದರು. ಆಮೇಲೆ ಪ್ರಶ್ನೆಗಳೋ ಪ್ರಶ್ನೆಗಳು. ಬೇಸಿಗೆಯಲ್ಲಿ ಕಪ್ಪೆ ಎಲ್ಲಿ ಹೋಗುತ್ತದೆ, ಔಷಧ ಹೊಡೆದರೆ ಸಾಯುತ್ತದೆಯೇ, ಭಾಗೂಗೆ ಪಗಾರ ಎಷ್ಟು, ಲಗ್ನ ಆಗಿದೆಯೇ. ಹಳ್ಳದ ದಂಡೆಯ ರೈತನೊಬ್ಬ ಎದ್ದು, "ಪಂಪಿನ ಡಬ್ಬಿ ಇನ್ನ ಮ್ಯಾಲೆ ಹಳ್ಳ ಬಿಟ್ಟ ಹೊಲದಾಗನ ತೊಳೀತೀನ್ರಿ ಅಕ್ಕಾರ" ಎಂದ. ಭಾಗೂ ಮೈಕಿನಲ್ಲೇ ಮೂಗು ಎಳೆದಳು.

ಸಂಜೆ ಬೆಳಗಾವಿಯ ಶಿವಬಸವ ನಗರದ ನಮ್ಮ ಮನೆಯಲ್ಲಿ ಎಲ್ಲರೂ ಒಂದೇ ಪಂಕ್ತಿಗೆ ಕುಳಿತೆವು. ಗೋಧಿ ಹುಗ್ಗಿ, ಮೇಲೆ ತುಪ್ಪ, ಜೋಳದ ರೊಟ್ಟಿ, ಎಣ್ಣೆಗಾಯಿ. ಭಾಗೂ ಮೊದಲ ತುತ್ತಿಗೇ ಶುರು ಮಾಡಿದಳು.

"ಎಲ್ಲಾ ಆಯಿಯಿಂದನ ಆತು. ಅಲ್ಲಿ ಆಯಿ ಸುಮ್ಮನಾಗದಿದ್ರ ನಾ ಹಂಗ ಒದರಕೋತ ಹೋಗತಿದ್ನಿ. ಆಕಿ ಹೂಂ ನಿಲ್ಲಿಸಿದ್ಲು, ನನಗ ಭತ್ತ ನೆನಪಾತು."

ಮಗ ನನ್ನ ಕಡೆ ನೋಡಿದ. ಸೊಸೆ ನನ್ನ ಕಡೆ ನೋಡಿದಳು. ನಾನು ಹುಗ್ಗಿಯನ್ನು ನೋಡಿದೆ. ನಿಮಗೆ ಮಾತ್ರ ಹೇಳುತ್ತೇನೆ, ಹೂಂ ನಿಂತ ಆ ಹೊತ್ತಿನಲ್ಲಿ ನಾನು ಗೆರೆಯನ್ನೂ ನೋಡಲಿಲ್ಲ, ಕಪ್ಪೆಯನ್ನೂ ಕೇಳಲಿಲ್ಲ. ಬೀಗತಿ ಬಂದಳೋ ಇಲ್ಲವೋ ಎಂದು ಕುರ್ಚಿಯಲ್ಲಿ ತಿರುಗಿ ಬಾಗಿಲ ಕಡೆ ಕತ್ತು ಚಾಚಿ ಕುಳಿತಿದ್ದೆ.

"ಖರೇ ಹೇಳಬೇಕಂದ್ರ," ಎಂದು ಗಂಗವ್ವ ತುತ್ತು ಕೆಳಗಿಟ್ಟಳು, "ನಾ ಹಿಂದ ಕುಂತ ನೋಡಾಕತ್ತಿದ್ನಿ. ಆವಾಗ ನಮ್ಮ ಬೀಗತಿ..."

"ಅಯ್ಯ, ತುಪ್ಪನ ಬಿದ್ದಿಲ್ಲಲ್ರೀ ನಿಮಗ!" ಎಂದು ಎದ್ದು, ಅವಳ ತಾಟಿಗೆ ಹುಗ್ಗಿ ಬಡಿಸಿ, ಹುಗ್ಗಿ ಕಾಣದಷ್ಟು ತುಪ್ಪ ಸುರಿದೆ. ಗಂಗವ್ವ ನನ್ನನ್ನು ನೋಡಿದಳು, ತುಪ್ಪವನ್ನು ನೋಡಿದಳು, ಮುಗುಳ್ನಕ್ಕು ಬಾಯಿ ತುಂಬಿಕೊಂಡಳು.

"ಆವಾಗ ನಿನಗ ಒಂದೀಟೂ ತಿಳಿದಿರಲಿಲ್ಲ. ಹೌದಲ್ಲ ಆಯಿ?" ಎಂದಳು ಭಾಗೂ.

ನಾನು ಹೂಂ ಎಂದೆ.