ಬೀರುವಿನೊಳಗಿಂದ ಬೀರಿದ ಭಯ

“ನೋಡ್ತಾ ಇರು! ಈ ವರ್ಷ ಮುಗಿಯೋದ್ರೊಳಗೆ ಎಂಥಾ ಕತೆ ಬರೀತೀನಿ ಅಂದ್ರೆ, ಅದನ್ನ ಓದಿದೋನು ಜನ್ಮದಲ್ಲಿ ಮತ್ತೆ ದೀಪ ಆರಿಸಿ ಮಲಗಬಾರದು!”

ಚಾಳೀಸು ಹೀಗೆ ಘೋಷಿಸಿದ್ದು ತಿಂಡಿಯ ಟೇಬಲ್ಲಿನ ಮುಂದೆ, ಬ್ರೆಡ್ಡಿಗೆ ಬೆಣ್ಣೆ ಸವರುವ ಚಾಕುವನ್ನು ಖಡ್ಗದಂತೆ ಎತ್ತಿ ಹಿಡಿದು. ಎದುರಿಗೆ ಕೂತಿದ್ದ ಹೆಂಡತಿ ತಲೆ ಎತ್ತದೆಯೇ ಹೇಳಿದಳು:

“ಆಯ್ತು. ಮೊದ್ಲು ಚಾಕು ಕೆಳಗಿಡಿ, ಬೆಣ್ಣೆ ಮೊಣಕೈಗೆ ಇಳೀತಿದೆ.”

ಮುಖ್ಯರಸ್ತೆಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡು, ನಲವತ್ತು ದಾಟಿದವರ ಮೂಗಿಗೆಲ್ಲ ಚಾಳೀಸು ಏರಿಸಿ, ತನ್ನದನ್ನು ಮಾತ್ರ ಹಣೆಯ ಮೇಲಿಟ್ಟುಕೊಂಡು ಊರೆಲ್ಲ ಹುಡುಕುತ್ತಿದ್ದವನಿಗೆ ಗೆಳೆಯರು ಆ ಹೆಸರನ್ನೇ ಇಟ್ಟಿದ್ದರು. ಹೆಂಡತಿ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವಾಕೆ. ಎದುರಿಗೆ ಲಾರಿ ಕಂಡ ಕೂಡಲೇ ಸ್ಟೀರಿಂಗ್ ಬಿಟ್ಟು ಎರಡೂ ಕೈಗಳಿಂದ ಮುಖ ಮುಚ್ಚಿಕೊಳ್ಳುವ ಮಹನೀಯರ ಪಕ್ಕದಲ್ಲಿ ದಿನವಿಡೀ ಕೂತು ಬರುವಾಕೆಯನ್ನು ದೆವ್ವ ತೋರಿಸಿ ಹೆದರಿಸುವುದೆಂದರೆ ಮೀನಿನ ಮೇಲೆ ನೀರು ಚಿಮುಕಿಸಿ ಹೆದರಿಸಿದ ಹಾಗೆ! ಆತ ಒಮ್ಮೆ ತನ್ನ ಕತೆಯೊಂದನ್ನು ನಡುಗುವ ದನಿಯಲ್ಲಿ ಓದಿ ಹೇಳಿದ್ದ. ದೆವ್ವ ಬಾಗಿಲು ತಟ್ಟುತ್ತದೆ, ಮತ್ತೆ ತಟ್ಟುತ್ತದೆ, ಇನ್ನೂ ತಟ್ಟುತ್ತದೆ. ಆಕೆ ಬಟ್ಟೆ ಮಡಿಸುತ್ತಾ, “ಪಾಪ, ಎಷ್ಟೊತ್ತು ನಿಲ್ಲಿಸ್ತೀರಿ? ಒಳಗೆ ಕರೀರಿ ಅದನ್ನ” ಎಂದಿದ್ದಳು.

ಮನೆಯಲ್ಲಿ ಸಿಗದ ಮನ್ನಣೆ ಚಾಳೀಸುವಿಗೆ ಬಳಗದಲ್ಲಿ ಸಿಗುತ್ತಿತ್ತು. ‘ಬೆನ್ನುಹುರಿ ಬಳಗ’ ಎಂದು ಅದರ ಹೆಸರು. ಭಯಾನಕ ಸಣ್ಣ ಕತೆ ಬರೆಯುವವರು ಭಾನುವಾರಗಳಲ್ಲಿ ಒಬ್ಬೊಬ್ಬರ ಮನೆಯಲ್ಲಿ ಸೇರಿ ಕತೆ ಓದಿ, ಬಿಸ್ಕತ್ತು ತಿಂದು, ಪರಸ್ಪರ ಬೆನ್ನು ತಟ್ಟಿ ಹೊರಡುವ ಸಂಘ. ಅಧ್ಯಕ್ಷೆ ಶಿಶುವಿಹಾರದ ಟೀಚರಮ್ಮ. ವಾರವೆಲ್ಲ ಮಕ್ಕಳ ಜೊತೆ ಚಿಟ್ಟೆಗೆ ಬಣ್ಣ ಹಚ್ಚುವ ಈ ಸಾಧ್ವಿ ಭಾನುವಾರ ಬಂತೆಂದರೆ ಒಂದಿಡೀ ಕುಟುಂಬವನ್ನು ಮುಗಿಸದೆ ಪೆನ್ನು ಕೆಳಗಿಡುತ್ತಿರಲಿಲ್ಲ. ಇನ್ನೊಬ್ಬರು ಹಲ್ಲಿನ ಡಾಕ್ಟರು. ಮತ್ತೊಬ್ಬ ಮದುವೆ ಫೋಟೋಗ್ರಾಫರ್. ಶನಿವಾರವೆಲ್ಲ ಕೆಲಸ ಮಾಡಿ ಬರುತ್ತಿದ್ದರಿಂದ ಯಾರ ಕತೆ ಶುರುವಾದರೂ ಆತ ನಿದ್ದೆಗೆ ಜಾರುತ್ತಿದ್ದ. ಕೇಳಿದರೆ, “ಕಣ್ಣು ಮುಚ್ಕೊಂಡು ಅನುಭವಿಸ್ತಿದ್ದೆ” ಅನ್ನುತ್ತಿದ್ದ.

ಬಳಗಕ್ಕೆ ಇದ್ದದ್ದು ಎರಡೇ ನಿಯಮ. ಕತೆ ನಡೆಯುವಾಗ ಯಾರೂ ನಡುವೆ ಬಾಯಿ ಹಾಕಬಾರದು, ಸೀಟು ಬಿಟ್ಟು ಏಳಬಾರದು. ಕತೆ ಮುಗಿದ ಮೇಲೆ ಮೊದಲು ಒಂದು ಒಳ್ಳೆಯ ಮಾತು ಹೇಳಿ, ಆಮೇಲೆ ಬೇಕಿದ್ದರೆ ತಪ್ಪು ತೋರಿಸಬೇಕು. ಬಳಗ ಹುಟ್ಟಿದಾಗಿನಿಂದ ಯಾರೊಬ್ಬರೂ ಆ ‘ಆಮೇಲೆ’ಯ ತನಕ ತಲುಪಿರಲಿಲ್ಲ!

ಹೋದ ಸಲ ಚಾಳೀಸು ಜೀವಂತ ಹೂಳಲ್ಪಟ್ಟ ಮನುಷ್ಯನ ಕತೆ ಓದಿದ್ದ. ಮುಗಿಸಿ, ಬೆವರು ಒರೆಸಿಕೊಂಡು ಎಲ್ಲರ ಮುಖ ನೋಡಿದ.

“ಅಲ್ಪವಿರಾಮಗಳು ಎಷ್ಟು ಮುದ್ದಾಗಿ ಕೂತಿವೆ ಅಲ್ವಾ!” ಎಂದರು ಟೀಚರಮ್ಮ.

“ಸರಿಯಾದ ಹೊತ್ತಿಗೆ ಮುಗೀತು” ಎಂದರು ಡಾಕ್ಟರು, ತುಂಬು ಹೃದಯದಿಂದ.

ಫೋಟೋಗ್ರಾಫರ್ ಗೊರಕೆ ಹೊಡೆದು ಅನುಮೋದಿಸಿದ.

ಹೊಗಳಿಕೆಯಿಂದ ಮನುಷ್ಯನಿಗೆ ಇಷ್ಟು ಪೆಟ್ಟಾಗಬಹುದೆಂದು ಚಾಳೀಸುವಿಗೆ ಅಂದೇ ಗೊತ್ತಾದದ್ದು. ಮನೆಗೆ ಬಂದು ಮುಖ ಊದಿಸಿಕೊಂಡು ಕೂತವನಿಗೆ ಹೆಂಡತಿ ಹೇಳಿದಳು: “ನೀವು ಯಾವತ್ತಾದ್ರೂ ಕತ್ತಲೇಲಿ ಸಿಕ್ಕಾಕೊಂಡಿದೀರಾ? ಕಾರು ಓಡಿಸ್ದೇನೇ ಕಾರು ಕಲಿಸೋಕಾಗುತ್ತಾ? ಅನುಭವ ಬೇಕು ಕಣ್ರೀ.”

ಅನುಭವ! ಆ ಒಂದು ಮಾತು ಚಾಳೀಸುವಿನ ತಲೆಯೊಳಗೆ ಹೊಕ್ಕಿತು. ಹೊಕ್ಕದ್ದು ಹೊರಬರಲಿಲ್ಲ.

ಮುಂದಿನ ಸಭೆ ಚಾಳೀಸುವಿನ ಮನೆಯಲ್ಲೇ ಇತ್ತು. ಆ ಮಧ್ಯಾಹ್ನ ಹೆಂಡತಿ ಪಾಠಕ್ಕೆ ಹೋಗಿದ್ದಳು. ಹಾಲಿನ ಗೋಡೆಗೆ ಆತುಕೊಂಡು ಹಳೆಯ ಮರದ ಬೀರುವೊಂದು ನಿಂತಿತ್ತು. ಮಲಗುವ ಕೋಣೆಯ ಬಾಗಿಲಲ್ಲಿ ತೂರದ್ದರಿಂದ ಹಾಲಿನಲ್ಲೇ ಸಂಸಾರ ಹೂಡಿದ್ದ ಬೀರು! ಚಾಳೀಸು ಅದರ ಕೆಳಗಿನ ಅರೆಯಿಂದ ಕಂಬಳಿಗಳನ್ನು ಎಳೆದು ಹಾಕಿದ. ಬೀದಿ ಬಾಗಿಲನ್ನು ಬರುವವರಿಗಾಗಿ ಓರೆ ಮಾಡಿಟ್ಟ. ಫೋನನ್ನು ಟೇಬಲ್ ಮೇಲೆ ಬಿಟ್ಟ. ಹೂಳಲ್ಪಟ್ಟ ಮನುಷ್ಯನ ಹತ್ತಿರ ಫೋನ್ ಎಲ್ಲಿಂದ ಬಂತು? ಕಲೆ ಎಂದರೆ ಕಲೆ! ಒಳಗೆ ಮಡಿಚಿ ಕೂತು ಬಾಗಿಲನ್ನು ಜೋರಾಗಿ ಎಳೆದುಕೊಂಡ.

ಹೊರಗಡೆ ‘ಟಕ್’ ಎಂದಿತು.

ಮೊದಲ ಕೆಲವು ನಿಮಿಷ ಸ್ವರ್ಗ. ಕತ್ತಲೆಯನ್ನು ಕುರಿತು ಎಂಥೆಂಥ ವಾಕ್ಯಗಳು ಹೊಳೆದವು! ಆಮೇಲೆ ಬೆನ್ನು ತುರಿಸತೊಡಗಿತು. ಕೈ ಅಲ್ಲಿಗೆ ಹೋಗಲಿಲ್ಲ. ಎಡಗಾಲು ಜೋಮು ಹಿಡಿಯಿತು. ನುಸಿಗುಳಿಗೆಯ ಘಾಟಿಗೆ ಸೀನು ಬಂತು. ಸೀನಿದ ರಭಸಕ್ಕೆ ತಲೆ ಮೇಲಿನ ಹಲಗೆಗೆ ಬಡಿದು, ಅಲ್ಲಿ ಮೊಳೆಗೆ ನೇತುಹಾಕಿದ್ದ ಹೆಂಡತಿಯ ಉಣ್ಣೆ ಟೋಪಿ ಸರಿಯಾಗಿ ತಲೆಯ ಮೇಲೇ ಕೂತಿತು. ಸಾಕಪ್ಪಾ ಅನುಭವ ಎಂದು ಬಾಗಿಲು ತಳ್ಳಿದ. ಬಾಗಿಲು ಜಪ್ಪಯ್ಯ ಅನ್ನಲಿಲ್ಲ. ಆಗ ‘ಟಕ್’ ಎಂದರೇನೆಂದು ಅರ್ಥವಾಯಿತು. ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆಂದು ಹೊರಗಡೆ ತಾನೇ ಬೀಳುವ ಚಿಲಕ ಹಾಕಿಸಿದ್ದ ಪುಣ್ಯಾತ್ಮ ಬೇರೆ ಯಾರೂ ಅಲ್ಲ, ಚಾಳೀಸುವೇ!

“ಯಾರಾದ್ರೂ ಇದ್ದೀರಾ? ಅಯ್ಯೋ, ಬಾಗಿಲು ತೆಗೀರಪ್ಪೋ!”

ಬಹಳ ಹೊತ್ತು ಕೂಗಿ ಗಂಟಲು ಒಡೆಯುವ ಹೊತ್ತಿಗೆ ಹಾಲಿನಲ್ಲಿ ಹೆಜ್ಜೆಗಳ ಸಪ್ಪಳ ಕೇಳಿತು. ಬಾಗಿಲ ಸಂದಿನಲ್ಲಿ ಟೀಚರಮ್ಮನ ಕೈಚೀಲ ಕಂಡಿತು. ಬದುಕಿದೆ ಅಂದುಕೊಂಡ ಚಾಳೀಸು ಇನ್ನಷ್ಟು ಜೋರಾಗಿ ಅರಚಿದ: “ಕಾಪಾಡಿ! ನಾನು ಇಲ್ಲಿ ಸಿಕ್ಕಾಕೊಂಡಿದೀನಿ!”

“ಶ್! ಶ್!” ಟೀಚರಮ್ಮನ ದನಿ ಉತ್ಸಾಹದಿಂದ ನಡುಗುತ್ತಿತ್ತು. “ಶುರು ಮಾಡ್ಬಿಟ್ಟಿದಾರೆ! ಹೋದ್ಸಲದ ಕತೇನೇ ಅಭಿನಯ ಸಮೇತ! ಎಲ್ಲಾ ಕೂತ್ಕೊಳ್ಳಿ, ಕೈ ಕಟ್ಟಿ, ಬಾಯಿ ಮುಚ್ಚಿ!”

ಕುರ್ಚಿಗಳನ್ನು ಎಳೆದ ಸದ್ದು. ಬೀರುವಿನ ಮುಂದಿನ ಸೋಫಾದಲ್ಲಿ ಫೋಟೋಗ್ರಾಫರ್ ‘ಉಸ್ಸಪ್ಪಾ’ ಎಂದು ಒರಗಿದ ಸದ್ದು.

“ರೀ! ಅಭಿನಯ ಅಲ್ಲ ಕಣ್ರೀ! ಇದು ಕತೆಯಲ್ಲ!”

“ಆಹಾ!” ಡಾಕ್ಟರು ಪಿಸುಗುಟ್ಟಿದರು. “‘ಇದು ಕತೆಯಲ್ಲ’ ಅಂತ ಪಾತ್ರವೇ ಹೇಳ್ತಿದೆ. ಏನು ತಂತ್ರ!”

“ಡಾಕ್ಟ್ರೇ! ನಿಮಗೇ ಹೇಳ್ತಿರೋದು! ಎದ್ದು ಬಂದು ಚಿಲಕ ತೆಗೀರಿ!”

“ನೋಡಿ, ಕೇಳೋರನ್ನೂ ಕತೆಯೊಳಗೆ ಎಳ್ಕೊಂಡ್ರು! ನನ್ನ ಪೇಷೆಂಟುಗಳೂ ಥೇಟ್ ಹೀಗೇ ಕೂಗೋದು. ಎಷ್ಟು ಸಹಜ!”

“ಉಸಿರು ಕಟ್ತಿದೆ ಟೀಚರಮ್ಮಾ!”

“ಶ್ಲಾಘನೆ ಆಮೇಲೆ ಡಾಕ್ಟ್ರೇ” ಎಂದರು ಟೀಚರಮ್ಮ ಗಂಭೀರವಾಗಿ. “ನಿಯಮ ಅಂದ್ರೆ ನಿಯಮ.”

ಚಾಳೀಸುವಿನ ತಾಳ್ಮೆಯ ಕಟ್ಟೆ ಒಡೆಯಿತು. ಇಷ್ಟು ದಿನ ಹೊಟ್ಟೆಯೊಳಗೆ ಅದುಮಿಟ್ಟಿದ್ದದ್ದೆಲ್ಲ ಬಾಯಿಗೆ ಬಂತು.

“ನಿಮ್ಮ ಶ್ಲಾಘನೆಗೆ ಬೆಂಕಿ ಹಾಕ! ಯಾವತ್ತಾದ್ರೂ ಒಂದು ನಿಜ ಹೇಳಿದೀರೇನ್ರೀ ನೀವು? ನಾನು ಹೇಳ್ತೀನಿ ಕೇಳಿ! ಟೀಚರಮ್ಮಾ, ನಿಮ್ಮ ಕತೇಲಿ ಎಷ್ಟು ಜನ ಸಾಯ್ತಾರೆ ಅಂದ್ರೆ, ಯಾರು ಸತ್ರು ಅಂತ ಅಳೋಕೂ ಯಾರೂ ಉಳಿಯಲ್ಲ! ಡಾಕ್ಟ್ರೇ, ನಿಮ್ಮ ಕತೆ ಕೀಳೋಕೆ ಬಾರದ ಹಲ್ಲು ಇದ್ದ ಹಾಗೆ, ಮುಗಿಯೋದೇ ಇಲ್ಲ! ಆ ಫೋಟೋಗ್ರಾಫರ್ ಒಬ್ನೇ ಪ್ರಾಮಾಣಿಕ, ಎಲ್ಲರ ಕತೆಗೂ ಸಮನಾಗಿ ನಿದ್ದೆ ಮಾಡ್ತಾನೆ!”

ಹೊರಗೆ ಪಿಸುಮಾತು ನಿಂತಿತು. ಕುರ್ಚಿಯೂ ಕಿರುಗುಟ್ಟಲಿಲ್ಲ.

“ಟೀಚರಮ್ಮಾ?”

ಬಾಗಿಲಿಗೆ ಕಿವಿ ಆನಿಸಿದ.

“ಡಾಕ್ಟ್ರೇ… ಇದ್ದೀರಾ?”

ಇಲ್ಲ. ಎದ್ದು ಹೋಗಿಬಿಟ್ಟರೇ? ಚಾಳೀಸುವಿನ ಅಂಗಡಿಗೆ ಬರುವವರು ಕಣ್ಣು ಕಾಣದಿದ್ದಾಗ ಬರುತ್ತಾರೆ, ಕಂಡ ಮೇಲೆ ಹೊರಟುಹೋಗುತ್ತಾರೆ. ಕೂತು ಮಾತಾಡಲು, ಬರೆದದ್ದನ್ನು ಕೇಳಲು, ಕೆಟ್ಟದಾಗಿದ್ದರೂ ಅಲ್ಪವಿರಾಮವನ್ನಾದರೂ ಮೆಚ್ಚಲು ಆತನಿಗೆ ಇದ್ದವರು ಇವರಿಷ್ಟೇ ಮಂದಿ. ಅವರನ್ನೂ ಬೀರುವಿನೊಳಗೆ ಕೂತು ಬೈದು ಓಡಿಸಿದನಲ್ಲ! ಕತ್ತಲೆಗೆ ಆಗದ ಭಯ ಈಗ ಆಯಿತು.

“ಹೋಗ್ಬೇಡ್ರೀ!” ಎಂದು ಕೂಗುತ್ತಾ, ಇದ್ದಬದ್ದ ಬಲವನ್ನೆಲ್ಲ ಭುಜಕ್ಕೆ ತಂದು ಬಾಗಿಲಿಗೆ ಗುದ್ದಿದ.

ಬಾಗಿಲು ತೆರೆಯಲಿಲ್ಲ. ಬೀರುವೇ ಹೊರಟಿತು! ಒಮ್ಮೆ ತೂಗಿ, ಯೋಚಿಸಿ, ಮರ್ಯಾದಸ್ಥ ಹಿರಿಯರು ನಮಸ್ಕಾರ ಮಾಡುವಂತೆ ನಿಧಾನವಾಗಿ ಮುಂದಕ್ಕೆ ಬಾಗಿತು. ಬಳಗದ ಇತಿಹಾಸದಲ್ಲೇ ಮೊದಲ ಬಾರಿಗೆ ಫೋಟೋಗ್ರಾಫರ್ ಕತೆಯ ನಡುವೆ ಎಚ್ಚರಗೊಂಡ. ಎಚ್ಚರಗೊಂಡವನು ಕಂಡದ್ದು ತನ್ನ ಮೇಲೆ ಇಳಿಯುತ್ತಿದ್ದ ಒಂದು ಆಳೆತ್ತರದ ಬೀರು. ‘ಅಮ್ಮಾ’ ಎಂದು ಕಿರುಚಿ ಸೋಫಾದ ಹಿಂದಕ್ಕೆ ಹಾರಿದ. ಧಡಾರ್! ಬೀರು ಸೋಫಾದ ಬೆನ್ನಿನ ಮೇಲೆ ಓರೆಯಾಗಿ ಕವುಚಿ ಬಿತ್ತು. ಬಾಗಿಲು ಕೆಳಗೆ, ಬೆನ್ನು ಮೇಲೆ, ಚಾಳೀಸು ಒಳಗೆ.

“ಕ್ಲೈಮ್ಯಾಕ್ಸ್!” ಎಂದರು ಟೀಚರಮ್ಮ. ಮರುಕ್ಷಣವೇ ಅವರ ದನಿ ಸಣ್ಣದಾಯಿತು. “ಅಲ್ಲ… ಡಾಕ್ಟ್ರೇ… ಅವರು ನಿಜವಾಗ್ಲೂ ಸಿಕ್ಕಾಕೊಂಡಿಲ್ಲ ತಾನೇ?”

“ನಿಜವಾಗ್ಲೂನೇ!” ಎಂದಿತು ಬೀರು.

ಆಗ ಎದ್ದಿತು ನೋಡಿ ಗದ್ದಲ! ಒಬ್ಬರು ಮೇಲಕ್ಕೆ ಎತ್ತಿದರೆ ಇನ್ನೊಬ್ಬರು ಕೆಳಕ್ಕೆ ಒತ್ತಿದರು. ಡಾಕ್ಟರು ಬಾಗಿಲನ್ನು ಹಲ್ಲು ಕೀಳುವಂತೆ ಅಲ್ಲಾಡಿಸಿದರು. ಫೋಟೋಗ್ರಾಫರ್ ಗಾಬರಿಯಲ್ಲಿ, “ಸ್ವಲ್ಪ ನಗ್ತಾ ಇರಿ, ಆಗೋಯ್ತು, ಆಗೋಯ್ತು!” ಎಂದು ಬೀರುವಿಗೆ ಧೈರ್ಯ ಹೇಳತೊಡಗಿದ. ಅಷ್ಟರಲ್ಲಿ ಬೀದಿ ಬಾಗಿಲಲ್ಲಿ ಹೆಂಡತಿ ಬಂದು ನಿಂತಳು. ಕವುಚಿದ ಬೀರುವನ್ನೂ ನರಳುವ ಸೋಫಾವನ್ನೂ ನೋಡಿದಳು.

“ಇವರೆಲ್ಲಿ?”

ಎಲ್ಲರೂ ಬೀರುವಿನ ಕಡೆ ಕೈ ತೋರಿಸಿದರು.

“ಹೂಂ” ಎಂದಳು ಅವಳು, ನಿತ್ಯದ ಕೆಲಸವೆಂಬಂತೆ ಕೈಚೀಲ ಕೆಳಗಿಟ್ಟು. “ಯಾರೂ ಗಾಬರಿಯಾಗ್ಬೇಡಿ. ಡಾಕ್ಟ್ರೇ, ನೀವು ಎಡಕ್ಕೆ. ಆ ಎಡ ಅಲ್ಲ, ಇನ್ನೊಂದು ಎಡ! ಫೋಟೋಗ್ರಾಫರ್ ಹಿಂದೆ. ಟೀಚರಮ್ಮಾ, ನೀವು ಸೋಫಾಗೆ ಬ್ರೇಕ್ ಹಾಕಿ. ನಿಧಾನ… ನಿಧಾನ… ರಿವರ್ಸ್… ಇನ್ನೂ ರಿವರ್ಸ್… ನಿಲ್ಸಿ!”

ಬೀರು ಎದ್ದು ನಿಂತಿತು. ಚಿಲಕ ಸರಿಯಿತು. ಒಳಗಿನಿಂದ ಉಣ್ಣೆ ಟೋಪಿ ತೊಟ್ಟ ಚಾಳೀಸು, ನುಸಿಗುಳಿಗೆಯ ಪರಿಮಳದೊಂದಿಗೆ ನೆಲದ ಮೇಲೆ ಅವತರಿಸಿದ.

ಯಾರ ಮುಖವನ್ನೂ ನೋಡುವ ಧೈರ್ಯವಾಗಲಿಲ್ಲ. “ಕ್ಷಮಿಸ್ಬಿಡಿ. ಒಳಗೆ ಏನೇನೋ ಅಂದ್ಬಿಟ್ಟೆ” ಎಂದ.

ಟೀಚರಮ್ಮ ಮೂಗು ಒರೆಸಿಕೊಳ್ಳುತ್ತಿದ್ದರು. “ನಾವು ಮಾತಾಡದೇ ಕೂತಿದ್ದು ಕೋಪದಿಂದಲ್ಲ. ನನಗೂ ಅದೇ ಅನುಮಾನ ಇತ್ತು ಕಣ್ರೀ. ತುಂಬಾ ಜನಾನ ಸಾಯಿಸ್ತೀನಿ ಅಂತ. ಯಾರಾದ್ರೂ ಹೇಳ್ತಾರೇನೋ ಅಂತ ಇಷ್ಟು ವರ್ಷ ಕಾದೆ. ಬರೀ ಅಕ್ಷರ ದುಂಡಗಿದೆ ಅಂತ ಹೇಳ್ತೀರಲ್ಲ ಎಲ್ಲಾ!”

“ನನ್ನ ಕತೆ ಉದ್ದ ಅನ್ನೋದು ನಿಜ” ಎಂದು ಡಾಕ್ಟರು ಒಪ್ಪಿಕೊಂಡು, ಅದು ಹೇಗೆ ಉದ್ದವಾಗುತ್ತದೆ ಎಂಬುದನ್ನು ಬಹಳ ಹೊತ್ತು ವಿವರಿಸಿದರು.

ಚಾಳೀಸುವಿನ ಎದೆ ಮತ್ತೆ ಉಬ್ಬಿತು. ಅಂತೂ ಇಂತೂ ತಾನು ಎಲ್ಲರನ್ನೂ ಹೆದರಿಸಿದ್ದೇನೆ! ಟೋಪಿ ಸರಿಮಾಡಿಕೊಂಡು ಹೆಂಡತಿಯ ಕಡೆ ತಿರುಗಿದ. “ನೋಡಿದ್ಯಾ ಪ್ರಭಾವ ಬೀರೋದು ಅಂದ್ರೆ? ಭಯ ಹುಟ್ಟಿಸೋದು ಸಾಮಾನ್ಯ ವಿದ್ಯೆ ಅಲ್ಲ! ಕೈಲಾದ್ರೆ ನೀನೂ ಒಂದು ಹೇಳು ನೋಡೋಣ!”

“ಹೌದು, ನೀವೂ ಹೇಳ್ಬೇಕು!” ಎಂದರು ಟೀಚರಮ್ಮ, ಪ್ರೋತ್ಸಾಹ ಉಕ್ಕಿ. “ಎಷ್ಟು ಚಿಕ್ಕದಾದ್ರೂ ಪರವಾಗಿಲ್ಲ.”

ಹೆಂಡತಿ ಸೋಫಾದ ದಿಂಬುಗಳನ್ನು ಬಡಿದು ಸರಿಯಿಡುತ್ತಾ ಒಂದು ಗಳಿಗೆ ಯೋಚಿಸಿದಳು.

“ನನಗೆ ಕತೆಗಿತೆ ಬರಲ್ಲಪ್ಪ. ನನ್ನ ಹತ್ರ ಒಬ್ಬರು ಅಜ್ಜಿ ಕಾರು ಕಲೀತಿದ್ರು. ನಿನ್ನೆ ಅದು ಹೇಗೋ ಲೈಸೆನ್ಸ್ ಸಿಕ್ಬಿಡ್ತು. ಬ್ರೇಕ್ ಯಾವ್ದು, ಆಕ್ಸಿಲರೇಟರ್ ಯಾವ್ದು ಅಂತ ಅವರಿಗೆ ಇನ್ನೂ ಸ್ವಲ್ಪ ಅನುಮಾನ. ಇವತ್ತೇ ಮೊದಲ್ನೇ ಸಲ ಒಬ್ಬರೇ ಹೊರಟಿದಾರೆ.” ಕೊನೆಯ ದಿಂಬನ್ನು ಇಟ್ಟು ಕಿಟಕಿಯ ಕಡೆ ನೋಡಿದಳು. “ನೀವೆಲ್ಲಾ ಕಾರು ನಮ್ಮನೆ ಮುಂದಿನ ರಸ್ತೇಲೇ ನಿಲ್ಸಿದೀರಲ್ವಾ?”

ಟೀಚರಮ್ಮನ ರೋಮ ನಿಮಿರಿತು. ಡಾಕ್ಟರ ಹಲ್ಲುಗಳೇ ಕಟಕಟ ಎಂದವು. ದೂರದಲ್ಲೆಲ್ಲೋ ಒಂದು ಹಾರ್ನ್ ಕೇಳಿದ್ದೇ ತಡ, ಇಡೀ ಬೆನ್ನುಹುರಿ ಬಳಗ ಕಿಟಾರನೆ ಕಿರುಚಿಕೊಂಡು ಬಾಗಿಲ ಕಡೆ ನುಗ್ಗಿತು!

ಚಾಳೀಸು ಮಾತ್ರ ಕದಲಲಿಲ್ಲ. ಅವನಿಗೆ ಕಾರೂ ಇರಲಿಲ್ಲ, ಕತೆಗಾರನ ಮಾನ ಬೇರೆ ಇತ್ತು. “ಪರವಾಗಿಲ್ಲ” ಎಂದ, ಬಳಗದ ಧಾಟಿಯಲ್ಲೇ. “ನಿರೂಪಣೆ ಚೆನ್ನಾಗಿದೆ. ಆದ್ರೆ ನನಗೇನೂ ಭಯ ಆಗ್ಲಿಲ್ಲಪ್ಪ.”

“ಹೌದಾ?” ಎಂದಳು ಹೆಂಡತಿ. “ಎದುರಿಗಿರೋದೆಲ್ಲಾ ಎರಡೆರಡಾಗಿ ಕಾಣ್ತಿದೆ ಅಂದ್ರು ಅಜ್ಜಿ. ಕನ್ನಡಕ ಎಲ್ಲಿ ಮಾಡಿಸಿದ್ದು ಅಂತ ಕೇಳಿದೆ. ನಿಮ್ಮ ಅಂಗಡೀಲಂತೆ. ಅದನ್ನೇ ವಿಚಾರಿಸ್ಕೊಂಡು ಹೋಗೋಣ ಅಂತ ಈಗ ಇಲ್ಲಿಗೇ ಬರ್ತಿದಾರೆ.”

ಚಾಳೀಸು ಎದ್ದ, ಬೀರುವಿನೊಳಗೆ ಹೋಗಿ ಕೂತ, ಬಾಗಿಲನ್ನು ಜೋರಾಗಿ ಎಳೆದುಕೊಂಡ.