ಮಗಳ ಪುಸ್ತಕ, ನಮ್ಮ ಟಿವಿ

ಐದನೇ ಕ್ಲಾಸಿನ ಹುಡುಗಿಗೆ ಟಿವಿ ಬಿಡಿಸಿ ಪುಸ್ತಕ ಹಿಡಿಸಲು ಹೊರಟ ಅಪ್ಪನಿಗೆ ವಾರಕ್ಕೊಂದು ಮುಖಭಂಗವಾದರೂ ತಪ್ಪುವುದಿಲ್ಲ. ನಾನು ಕುಂದಾಪುರದ ಕಡೆಯವನು, ತಮಿಳುನಾಡಿನ ಅಡ್ಯಾರಿನಲ್ಲಿ ಸಣ್ಣದೊಂದು ಹೋಟೆಲು ನಡೆಸುತ್ತೇನೆ. ಇಡ್ಲಿ ಸಾಂಬಾರಿನ ವಿಷಯದಲ್ಲಿ ನನ್ನ ಮಾತು ನಡೆಯುತ್ತದೆ. ಮನೆಯ ಕಥೆ ಬೇರೆ.

ಮಾದರಿ ಅಪ್ಪ

ಮಕ್ಕಳು ಓದಬೇಕಾದರೆ ಮೊದಲು ನೀವು ಅವರೆದುರು ಓದಬೇಕು ಎಂದು ಶಾಲೆಯಲ್ಲಿ ಟೀಚರು ಹೇಳಿದರು. ಸರಿ, ಭಾನುವಾರ ಊಟವಾದ ಮೇಲೆ ಟಿವಿ ಆರಿಸಿ, ಮಗಳಿಗೊಂದು ಪುಸ್ತಕ ಕೊಟ್ಟು, ನಾನೂ ದಪ್ಪದೊಂದು ಕಾದಂಬರಿ ಹಿಡಿದು ಈಸಿಚೇರಿನಲ್ಲಿ ಕೂತೆ. ಮುಂದಿನದ್ದು ಹೆಂಡತಿ ಹೇಳಿದ್ದು. ಮೇಲಿನ ಮನೆಯಾಕೆ ಮೊಸರಿಗೆ ಹೆಪ್ಪು ಕೇಳಲು ಬಂದರಂತೆ. ಮಗಳು ಬಾಗಿಲಲ್ಲೇ ತುಟಿಗೆ ಬೆರಳಿಟ್ಟು, ಅಪ್ಪ ಓದುತ್ತಿದ್ದಾರೆ, ಮೆಲ್ಲಗೆ ಮಾತಾಡಿ ಅಂದಳಂತೆ. ಆಕೆ ಒಂದು ಗಳಿಗೆ ಕಿವಿಗೊಟ್ಟು, ಅದು ಗೊರಕೆಯ ಸದ್ದಲ್ಲವಾ ಎಂದು ಕೇಳಿದರಂತೆ.

"ಇಲ್ಲ ಆಂಟಿ, ಅಪ್ಪ ಗಟ್ಟಿಯಾಗಿ ಓದೋದೇ ಹಾಗೆ."

ಸ್ಕೋರು

ಶಾಲೆ ಬಿಟ್ಟ ಮೇಲೆ ಮಗಳು ಹೋಟೆಲಿಗೇ ಬರುತ್ತಾಳೆ. ಅಲ್ಲಿ ಗಿರಾಕಿಗಳಿಗೆಂದು ಇಟ್ಟ ಟಿವಿ ಕ್ರಿಕೆಟ್ ಇದ್ದ ದಿನ ಅವಳ ತಲೆಯ ಮೇಲೆಯೇ ಅರಚುತ್ತಿರುತ್ತದೆ. ಅವಳಿಗೆ ಅದರ ಗೊಡವೆಯಿಲ್ಲ, ಗಲ್ಲಾದ ಪಕ್ಕ ಸ್ಟೂಲಿನ ಮೇಲೆ ಪತ್ತೇದಾರಿ ಪುಸ್ತಕದಲ್ಲಿ ಮುಳುಗಿರುತ್ತಾಳೆ. ಹೀಗೆ ಒಂದು ದಿನ, ದಿನಾ ಬರುವ ಗಿರಾಕಿಯೊಬ್ಬರು ಕೈ ತೊಳೆಯುತ್ತ, ಅಲ್ಲಿಗೆ ಟಿವಿ ಕಾಣದೆ, ಎಷ್ಟಾಯಿತು ಪಾಪಾ ಎಂದು ತಮಿಳಿನಲ್ಲಿ ಕೇಳಿದರು. ಮಗಳು ತಲೆಯೆತ್ತದೆ ನೂರ ಹನ್ನೆರಡು ಅಂದಳು. ಅವಳು ಹೇಳಿದ್ದು ಪುಟದ ಲೆಕ್ಕ. ಅವರು ಖುಷಿಯಿಂದ ಎಷ್ಟು ಜನ ಹೋದರು ಎಂದರು.

"ಇಬ್ಬರು. ಮೂರನೆಯವರಿಗೆ ಈಗ ಕಾಫಿಯಲ್ಲಿ ವಿಷ ಹಾಕ್ತಿದ್ದಾರೆ."

ಅವರು ಕೈ ಒರೆಸಿಕೊಂಡು ಬಂದವರೇ, ಆಗಷ್ಟೇ ಹೇಳಿದ್ದ ಕಾಫಿ ಬೇಡ ಅಂದುಬಿಟ್ಟರು.

ಅಜ್ಜಿಯ ಸೀರಿಯಲ್ಲು

ಮಂಡಿಯ ಆಪರೇಷನ್‌ಗೆಂದು ಅಮ್ಮ ಊರಿಂದ ಬಂದು ಕೆಲವು ತಿಂಗಳು ನಮ್ಮ ಜೊತೆ ಇದ್ದರು. ಊರಲ್ಲಿ ಅಕ್ಕಪಕ್ಕದವರ ಜೊತೆ ದಿನವಿಡೀ ಮಾತಾಡಿ ಅಭ್ಯಾಸವಾದವರು. ಇಲ್ಲಿ ಬಾಗಿಲಾಚೆ ಬರೀ ತಮಿಳು. ಬಾಗಿಲೊಳಗಿನ ಮೊಮ್ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳು. "ಊಟ ಆಯ್ತಾ?" "ಆಚ್ಚು." ಅಲ್ಲಿಗೆ ಅಜ್ಜಿ ಮೊಮ್ಮಗಳ ಮಾತು ಮುಗಿಯಿತು. ಅಮ್ಮ ದಿನದಿಂದ ದಿನಕ್ಕೆ ಮಂಕಾಗತೊಡಗಿದರು. ಮಂಡಿ ವಾಸಿಯಾಗುವ ಮೊದಲೇ ಊರಿಗೆ ಹೊರಡುತ್ತಾರೇನೋ ಎಂದು ನನಗೆ ಭಯ.

ಒಂದು ಸಂಜೆ ಅಮ್ಮ ತಮಿಳು ಸೀರಿಯಲ್ಲಿನ ಮುಂದೆ ಕೂತು, ಆ ಹೆಂಗಸು ಏನು ಹೇಳುತ್ತಿದ್ದಾಳೆ ಎಂದು ಮೊಮ್ಮಗಳನ್ನು ಕೇಳಿದರು. ಅಜ್ಜಿಗೆ ತಮಿಳಿನಲ್ಲಿ ಹೇಳಿ ಪ್ರಯೋಜನವಿಲ್ಲವಲ್ಲ. ತಡವರಿಸುತ್ತ ಕನ್ನಡದಲ್ಲಿ ಶುರುಮಾಡಿದ ಹುಡುಗಿ, ಕೆಲವೇ ದಿನಗಳಲ್ಲಿ ಥೇಟ್ ಅಜ್ಜಿಯ ಕುಂದಾಪುರದ ಧಾಟಿಯಲ್ಲೇ ಮಾತಾಡತೊಡಗಿದಳು. ನಾನು ನನ್ನ ಟಿವಿ ಕಾನೂನನ್ನೆಲ್ಲ ಗಾಳಿಗೆ ತೂರಿದೆ. ಸೀರಿಯಲ್ಲಿನ ಹೊತ್ತಿಗೆ ನಾನೇ ಟಿವಿ ಹಾಕಿಕೊಡುತ್ತಿದ್ದೆ.

ಒಂದು ದಿನ ಬೇಗ ಮನೆಗೆ ಬಂದೆ. ಟಿವಿಯಲ್ಲಿ ಅತ್ತೆಯೊಬ್ಬಳು ಆಸ್ಪತ್ರೆಯ ಮಂಚದ ಪಕ್ಕ ಕಣ್ಣೊರೆಸಿಕೊಳ್ಳುತ್ತಿದ್ದಳು. ಮಗಳು ವಿವರಿಸುತ್ತಿದ್ದಳು: "ಎಣ್ಣೂರಿನ ಹತ್ರ ಹಡಗು ಮುಳುಗಿತಂತೆ ಅಜ್ಜಿ. ನಿಧಿಯ ನಕ್ಷೆ ಸೊಸಿ ಸೆರಗಿನಲ್ಲಿ ಬಚ್ಚಿಟ್ಕಂಡಿದ್ಲ್." ಅಮ್ಮ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು.

ಆಮೇಲೆ ಮಗಳನ್ನು ಪಕ್ಕಕ್ಕೆ ಕರೆದು ಇದೇನೆಂದು ಕೇಳಿದೆ. "ಅವರು ವಾರವೆಲ್ಲ ಬರೀ ಅಳ್ತಾನೇ ಇದ್ದಾರೆ ಅಪ್ಪ. ಅಜ್ಜಿಗೆ ಬೋರ್ ಆಗಲ್ವಾ?" ಅಂದಳು. ಓದಿದ ಪುಸ್ತಕಗಳಿಂದ ಒಂದಿಷ್ಟು ಸೇರಿಸಿದ್ದಳು, ಅದು ಖಾಲಿಯಾದ ಮೇಲೆ ತಾನೇ ಕಟ್ಟಿದ್ದಳು. ಬೈಯಬೇಕು ಅಂದುಕೊಂಡೆ. ಆದರೆ ಇಷ್ಟನ್ನೂ ನನಗೆ ಅವಳು ಕನ್ನಡದಲ್ಲೇ ಹೇಳಿದ್ದಳು. ಎದೆ ಉಬ್ಬಿಹೋದ ಮೇಲೆ ಬೈಗುಳ ಎಲ್ಲಿಂದ ಬರಬೇಕು?

ಮಂಡಿ ವಾಸಿಯಾಯಿತು, ಅಮ್ಮ ಊರಿಗೆ ಹೋದರು. ಸ್ವಲ್ಪ ದಿನಕ್ಕೆ ಅಮ್ಮನ ಫೋನು ಬಂತು. ಅದೇ ಸೀರಿಯಲ್ಲು ಈಗ ಕನ್ನಡದಲ್ಲಿ ಬರುತ್ತಿದೆಯಂತೆ, ದಿನಾ ನೋಡುತ್ತಿದ್ದಾರಂತೆ. ಗುಟ್ಟು ರಟ್ಟಾಯಿತು ಎಂದುಕೊಂಡು ಮಗಳ ಕಡೆ ನೋಡಿದೆ. ಮಗಳು ನನ್ನ ಬೆನ್ನ ಹಿಂದೆ ಅಡಗಿದಳು.

"ಕನ್ನಡಕ್ಕೆ ತಂದವ್ರ್ ಕಥಿ ಪೂರಾ ಹಾಳ್ ಮಾಡಿರ್," ಅಂದರು ಅಮ್ಮ. "ಬರೀ ಅತ್ತಿ, ಸೊಸಿ, ಆಸ್ಪತ್ರಿ. ಹೆಣ್ಣಿಗ್ ಫೋನ್ ಕೊಡ್."

ಮಗಳು ಹೆದರುತ್ತಲೇ ಫೋನು ತೆಗೆದುಕೊಂಡಳು. ಅಮ್ಮನ ದನಿ ನಮಗೆಲ್ಲ ಕೇಳಿಸುವಷ್ಟು ಗಟ್ಟಿಯಾಗಿತ್ತು.

"ನಾ ಟಿವಿ ಬಾಯಿ ಮುಚ್ಸಿದೆ ಮಗಾ. ಇನ್ನ್ ನೀ ಹೇಳ್."